ಕಂತು ತಪ್ಪಿಸಿದ ಕಣ್ಣು

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳನ್ನು ಕೇಳಿ ಬರೆದುಕೊಂಡದ್ದು)



ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ನಮ್ಮ ಹಳೆಯ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಹುಟ್ಟಿತು. ಅಲ್ಲಿಂದ ಸುರು ಮಾಡಿ ನಮ್ಮ ಗೋದಾಮಿನ ಪತ್ರಾಸಿನವರೆಗೆ ಎಲ್ಲ ಇತಿಹಾಸವನ್ನೂ ನಮ್ಮ ಮುಂಚೆ ಮಾತಾಡಿದವರು ಚೆಂದಾಗಿ ಹೇಳಿಯಾಗಿದೆ. ನಮ್ಮನ್ನು ಕರೆದದ್ದೂ ಅದಕ್ಕೇ. ‘ಸಂಘ ಹುಟ್ಟಿದಾಗಿನಿಂದ ಖಾತೆ ಪುಸ್ತಕ ಬರೆದವರು ನೀವು, ನಾಲ್ಕು ನೆನಪು ಹೇಳ್ರಿ’ ಅಂದರು. ನಾವು ಒಂದು ಕರಾರು ಹಾಕಿದೆವು. ಖಾತೆ ಬರೆಯುವುದನ್ನು ಯಾಕೆ ಬಿಟ್ಟೆವು ಅನ್ನುವುದನ್ನು ಹೇಳಲು ಬಿಡುವುದಾದರೆ ಬರತೇವಿ ಅಂದೆವು. ಕೈಯಲ್ಲಿ ಕಾಗದ ಇಲ್ಲ. ಇದ್ದರೂ ಓದಲು ಬರುವುದಿಲ್ಲ. ಬಾಯಿಗೆ ಬಂದಂತೆ ಹೇಳತೇವಿ, ಹಿಂದು ಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿರಿ.

2018ರ ಮಾರ್ಚ್ ತಿಂಗಳು. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಖಾತೆ ಪುಸ್ತಕದ ಗೆರೆಗಳು ನಡುವಿನಲ್ಲಿ ಸೊಟ್ಟಗಾಗಿ ಕಂಡವು. ಕೂರಿಗೆ ಹೊಡೆಯುವವ ನಿದ್ದೆಗಣ್ಣಲ್ಲಿ ಹೊಡೆದ ಸಾಲಿನ ಹಾಗೆ. ಮೂರು ಎಂಟಾಗಿ, ಎಂಟು ಮೂರಾಗಿ, ಒಬ್ಬ ಸದಸ್ಯರ ಬಾಕಿಯಲ್ಲಿ ಐನೂರು ರೂಪಾಯಿ ಹೆಚ್ಚು ಬರೆದಿದ್ದೆವು. ಅವರು ಒಳ್ಳೆಯವರು, ನಕ್ಕು ತಿದ್ದಿಸಿದರು. ನಾವು ಛಾಪಖಾನೆಯವನನ್ನು ಬೈದೆವು. ಆಮೇಲೆ ಕನ್ನಡಕದ ಅಂಗಡಿಗೆ ಹೋಗಿ ಹೊಸ ಕನ್ನಡಕ ಮಾಡಿಸಿದೆವು. ಎರಡು ತಿಂಗಳಿಗೆ ಇನ್ನೊಂದು. ಗೆರೆ ಸೆಟೆಯಲಿಲ್ಲ. ಸಕ್ಕರೆ ಬ್ಯಾನಿ ನಮಗೆ ಬಂದು ಆಗಲೇ 11 ವರ್ಷ. ಆ 11 ವರ್ಷದಲ್ಲಿ ಗುಳಿಗೆ ನುಂಗಿದ್ದೇವೆ, ರಕ್ತ ಕೊಟ್ಟಿದ್ದೇವೆ, ಕಣ್ಣು ಮಾತ್ರ ಒಮ್ಮೆಯೂ ತೋರಿಸಿರಲಿಲ್ಲ. ಕಾಣತಿತ್ತಲ್ಲ, ಯಾಕೆ ತೋರಿಸಬೇಕು?

ಈ ‘ಕಾಣತೈತಲ್ಲ’ ಅನ್ನುವ ಮಾತೇ ಕಣ್ಣು ತಿಂದಿತು ನೋಡ್ರಿ. ಇದನ್ನು ನಾವು ಕಲಿತದ್ದು ಪೊರೆಯಿಂದ. ನಮ್ಮ ಕಡೆ ಮೋತಿಬಿಂದು ಅಂತಲೂ ಅಂತಾರೆ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ.ಸಿ. ಮೋದಿಯವರು ಊರೂರು ಶಿಬಿರ ಹಾಕಿ, ಸಾಲಾಗಿ ಮಲಗಿಸಿ, ಬಡವರ ಪೊರೆ ತೆಗೆದ ಪುಣ್ಯಾತ್ಮರು. 1968ರಲ್ಲಿ ಸರಕಾರ ಅವರಿಗೆ ಪದ್ಮಭೂಷಣ ಕೊಟ್ಟಿತು. ಅಂಥ ಶಿಬಿರಗಳಿಂದ ನಮ್ಮ ಹಿರಿಯರು ಕಣ್ಣು ಪಡೆದು ಬಂದರು. ಅದರ ಜೋಡಿ ಒಂದು ತಪ್ಪು ಪಾಠವೂ ಮನೆಮನೆಗೆ ಬಂತು: ಕಣ್ಣು ಮಂಜಾಗಲಿ, ಪೊರೆ ಹಣ್ಣಾಗಲಿ, ಆಮೇಲೆ ತೆಗೆಸಿದರಾಯಿತು. ಪೊರೆಯ ಮಟ್ಟಿಗೆ ಹಿಂದಿನ ಕಾಲದಲ್ಲಿ ಅದು ನಡೆದೀತು. ಪೊರೆ ಅಂದರೆ ಕಣ್ಣಿನ ಮುಂದಿನ ಗಾಜು ಮಬ್ಬಾಗುವುದು. ಗಾಜು ತೆಗೆದು ಹೊಸದು ಕೂಡಿಸಬಹುದು.

ರೆಟಿನಾ ಹಾಗಲ್ಲ. ಕನ್ನಡದ ಪಠ್ಯಪುಸ್ತಕದಲ್ಲಿ ಅದಕ್ಕೆ ಅಕ್ಷಿಪಟಲ ಅಂತಾರೆ. ಡೇರೆ ಸಿನಿಮಾ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಯಂತ್ರದ ಗಾಜು ಎಷ್ಟೇ ಸ್ವಚ್ಛ ಇರಲಿ, ಪರದೆ ಹರಿದಿದ್ದರೆ ರಾಜಕುಮಾರರ ಮುಖ ಎಲ್ಲಿ ಮೂಡಬೇಕು? ಕಣ್ಣಿನ ಹಿಂಭಾಗದಲ್ಲಿ ತೆಳ್ಳನೆಯ ಆ ಪರದೆ ಇದೆ. ಸಿನಿಮಾದ ಪರದೆ ಬರೀ ಬಟ್ಟೆ. ಇದು ಜೀವ ಇದ್ದ ಪರದೆ, ಮಿದುಳಿನದೇ ಒಂದು ಭಾಗ. ಬೆಳಕನ್ನು ಹಿಡಿದು ನರದ ಮೂಲಕ ಮಿದುಳಿಗೆ ಕಳಿಸತದೆ. ಅದರ ಕಣಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಸಿ ಮಾಡಿದ ಕಣ್ಣು ಅಂತ ನಾವು ಕೇಳುವುದು ಮುಂದಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ್ದು. ರೆಟಿನಾ ತೆಗೆದು ಬೇರೆಯವರದ್ದು ಕೂಡಿಸುವ ಚಿಕಿತ್ಸೆ ಇಲ್ಲ. ಆದ್ದರಿಂದ ಇಲ್ಲಿ ಡಾಕ್ಟರರು ಮಾಡುವುದೆಲ್ಲ ಇದ್ದುದನ್ನು ಉಳಿಸುವ ಕೆಲಸ. ಹೋದದ್ದನ್ನು ತರುವ ಕೆಲಸ ಸ್ವಲ್ಪೇ ಸ್ವಲ್ಪ.

ಸಕ್ಕರೆ ಬ್ಯಾನಿ ಏನು ಮಾಡತದೆ ಅಂದರೆ ಪರದೆಗೆ ರಕ್ತ ತರುವ ಕೂದಲೆಳೆಯಂಥ ನಾಳಗಳನ್ನು ಸಡಿಲ ಮಾಡತದೆ. ನಮ್ಮ ಕಾಲುವೆ ಒಡ್ಡು ಜಿನುಗಿದ ಹಾಗೆ ನೀರು ಜಿನುಗಿ ಪರದೆಯ ನಟ್ಟನಡುವಿನ ಜಾಗ ಬಾಯತದೆ. ಅದಕ್ಕೇ ಗೆರೆ ಸೊಟ್ಟ. ಕೆಲವು ಕಡೆ ನಾಳ ಮುಚ್ಚಿಹೋಗಿ ರಕ್ತ ತಲುಪುವುದೇ ಇಲ್ಲ. ಆಗ ಕಣ್ಣು ತನ್ನ ಬುದ್ಧಿಗೆ ತಾನೇ ಹೊಸ ನಾಳ ಹುಟ್ಟಿಸಿಕೊಳ್ಳತದೆ. ಅವು ಕಸದ ಬಳ್ಳಿ ಇದ್ದ ಹಾಗೆ, ಗಟ್ಟಿ ಇರುವುದಿಲ್ಲ. ಒಂದು ದಿನ ಒಡೆದು ಕಣ್ಣೊಳಗೆಲ್ಲ ರಕ್ತ. ಇದೆಲ್ಲ ಸುರುವಾಗಿ ಬಹಳ ದಿನ ಕಣ್ಣು ಚೆಂದಾಗಿಯೇ ಕಾಣತಿರತದೆ. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ.

ಡಾಕ್ಟರಮ್ಮನವರು ಹನಿ ಹಾಕಿ, ಪಾಪೆ ಹಿಗ್ಗಿಸಿ, ಒಳಗೆ ನೋಡಿ ಹೇಳಿದರು: ‘ಯಜಮಾನ್ರೇ, ತಿಂಗಳಿಗೊಂದು ಇಂಜೆಕ್ಷನ್, ಸದ್ಯಕ್ಕೆ ಮೂರು. ಆಮೇಲೆ ಲೇಸರ್. ನಡುವೆ ಬಿಡಬಾರದು.’ ಕಣ್ಣೊಳಗೆ ಸೂಜಿ ಅಂದ ಕೂಡಲೆ ನಮ್ಮ ಕಾಲು ನಡುಗಿದವು, ಸುಳ್ಳು ಯಾಕೆ ಹೇಳಬೇಕು. ಮರಗಟ್ಟುವ ಹನಿ ಹಾಕಿ ಮಾಡುತ್ತಾರೆ. ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಈ ಔಷಧದ ಕತೆ ಒಂದು ವಿಚಿತ್ರ. ಬೆವಾಸಿಜುಮ್ಯಾಬ್ ಅನ್ನುವುದು 2004ರಲ್ಲಿ ದೊಡ್ಡಕರುಳಿನ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಔಷಧ. ಕ್ಯಾನ್ಸರ್ ಗಡ್ಡೆಗೆ ರಕ್ತ ಕೊಡುವ ಹೊಸ ನಾಳಗಳನ್ನು ತಡೆಯುವುದು ಅದರ ಕೆಲಸ. ಕಣ್ಣಿನೊಳಗೂ ಅಂಥವೇ ಕಳ್ಳ ನಾಳ ಅಲ್ಲವೇ ಅಂತ 2005ರಲ್ಲಿ ಕಣ್ಣಿನ ಡಾಕ್ಟರರು ಒಂದು ಚೂರು ಔಷಧ ಕಣ್ಣಿಗೆ ಕೊಟ್ಟು ನೋಡಿದರು. ಕಣ್ಣಿಗಾಗಿಯೇ ತಯಾರಾದ ಬೇರೆ ಔಷಧಗಳೂ ಇವೆ, ದರ ಹೆಚ್ಚು. ಯಾವುದು ಬೇಕು ಅನ್ನುವುದನ್ನು ಡಾಕ್ಟರರನ್ನೇ ಕೇಳಬೇಕು. ನಾಚಿಕೆ ಪಡಬಾರದು, ‘ಕಡಿಮೆ ದರದ್ದು ಆದೀತೇನ್ರಿ’ ಅಂತ ಬಾಯಿಬಿಟ್ಟು ಕೇಳಬೇಕು.

ಆಗಸ್ಟಿನಲ್ಲಿ ಒಂದು, ಸೆಪ್ಟೆಂಬರಿನಲ್ಲಿ ಒಂದು ಆಯಿತು. ಗೆರೆ ಸೆಟೆದು ನಿಂತವು! ದೀಪಾವಳಿ ಮುಂದೆ ಗೋವಿನಜೋಳದ ರಾಶಿ. ಕಣ್ಣು ಕಾಣತೈತಲ್ಲ, ರಾಶಿ ಮುಗಿಯಲಿ. ಮೂರನೆಯದಕ್ಕೆ ಹೋಗಲಿಲ್ಲ. ಲೇಸರಿಗೂ ಹೋಗಲಿಲ್ಲ. 19ನೇ ವರ್ಷ ಸಂಘದಲ್ಲಿ ಕೂತು ಮಂದಿಗೆ ‘ಒಂದು ಕಂತು ತಪ್ಪಿದರೆ ಬಡ್ಡಿ ರಿಯಾಯಿತಿ ಹೋಗತದೆ ನೋಡ್ರಪಾ’ ಅಂತ ಬುದ್ಧಿ ಹೇಳುತ್ತಿದ್ದವರು ನಾವೇ.

2019ರ ಫೆಬ್ರುವರಿಯ ಒಂದು ಬೆಳಿಗ್ಗೆ ಬಲಗಣ್ಣಿನಲ್ಲಿ ಕರೀ ದಾರ ಇಳಿದು ಬಂದಂತೆ ಕಂಡಿತು. ಮಧ್ಯಾಹ್ನದ ಊಟದ ಹೊತ್ತಿಗೆ ಜೇಡರ ಬಲೆ. ಸಂಜೆಗೆ ಕೆಂಪು ಕತ್ತಲೆ. ರಕ್ತ ಒಡೆದಿತ್ತು, ಒಣಗಿದ ಕಸದ ಬಳ್ಳಿ ಪರದೆಯನ್ನೇ ಎಳೆದು ಎಬ್ಬಿಸಿತ್ತು. ಕಣ್ಣೊಳಗಿನ ಲೋಳೆಯನ್ನು ತೆಗೆದು ಪರದೆ ಕೂಡಿಸುವ ಆಪರೇಷನ್ ಆಯಿತು; ಇದಕ್ಕೆ ವಿಟ್ರೆಕ್ಟಮಿ ಅಂತಾರೆ, 1970ರ ಸುಮಾರಿಗೆ ರಾಬರ್ಟ್ ಮ್ಯಾಕೆಮರ್ ಅನ್ನುವವರು ಸುರು ಮಾಡಿದ್ದು. ಎಣ್ಣೆ ತುಂಬಿ ಕಳಿಸಿದರು. ಹೇಳಿದಷ್ಟು ದಿನ ಬೋರಲಾಗಿ ಮಲಗಿದೆವು. ಡಾಕ್ಟರರದು ಏನೂ ತಪ್ಪಿಲ್ಲ. ಬಲಗಣ್ಣಿಗೆ ಈಗ ಬೆಳಕು ತಿಳಿಯತದೆ, ಕೈ ಆಡಿಸಿದರೆ ತಿಳಿಯತದೆ, ಅಷ್ಟೇ. ಎಡಗಣ್ಣಿಗೆ ಬೆನ್ನು ಹತ್ತಿ ಲೇಸರು, ಇಂಜೆಕ್ಷನ್ನು ಮಾಡಿಸಿಕೊಂಡೆವು. ಅದು ಆರು ಬೈ ಮೂವತ್ತಾರಿಗೆ ನಿಂತಿದೆ. ಅಂದರೆ ನೀವು 36 ಮೀಟರಿನಿಂದ ಓದುವ ಅಕ್ಷರ ನಮಗೆ 6 ಮೀಟರಿಗೆ ಬಂದರೆ ಕಾಣತದೆ. ಲೇಸರಿನಿಂದ ಕಣ್ಣು ಚುರುಕಾಗಲಿಲ್ಲ. ರಾತ್ರಿ ಕಾಣುವುದು ಇನ್ನಷ್ಟು ಕಡಿಮೆಯೇ ಆಯಿತು. ಆದರೆ ಲೇಸರ್ ಮಾಡಿಸದಿದ್ದರೆ ಇವತ್ತು ನಮ್ಮನ್ನು ಕೈಹಿಡಿದು ವೇದಿಕೆ ಹತ್ತಿಸಬೇಕಾಗುತ್ತಿತ್ತು.

ಒಂದು ಮಾತು ಹೇಳುವುದು ನಮಗೆ ಕಷ್ಟ. ನಮ್ಮ ಮನೆಯವರಿಗೂ ಸಕ್ಕರೆ ಬ್ಯಾನಿ ಇದೆ. ನಮ್ಮನ್ನು ಆಸ್ಪತ್ರೆಗೆ ಕರಕೊಂಡು ಹೋದವರು, ಹೊರಗೆ ಕಟ್ಟೆಯ ಮೇಲೆ ಕೂತು ಬುತ್ತಿ ಕಾಯ್ದವರು ಅವರೇ. ಎರಡು ವರ್ಷ ಅಷ್ಟು ಸಲ ಹೋಗಿ ಬಂದರೂ ಅವರ ಕಣ್ಣಿಗೆ ಹನಿ ಹಾಕಿಸೋಣ ಅಂತ ನಮಗೆ ಹೊಳೆಯಲಿಲ್ಲ. ಹೊಳೆದವಳು ನಮ್ಮ ಮೊಮ್ಮಗಳು. ‘ಅಜ್ಜಾ, ಅಮ್ಮನ್ನ ಯಾಕ ತೋರಿಸಿಲ್ಲ?’ ಅಂದಳು. 2021ರಲ್ಲಿ ತೋರಿಸಿದೆವು. ಆಗಲೇ ಸುರುವಾಗಿತ್ತು. ಸಕಾಲಕ್ಕೆ ಸಿಕ್ಕಿತು ಅಂದರು, ಈಗ ಅವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ. ಇಲ್ಲಿ ಕೂತ ಗಂಡಸರು ಮನೆಗೆ ಹೋಗಿ ಒಮ್ಮೆ ಯೋಚನೆ ಮಾಡಿರಿ.

ಸಕ್ಕರೆ ಬ್ಯಾನಿ ಅಂತ ಗೊತ್ತಾದ ವರ್ಷವೇ ಕಣ್ಣಿಗೆ ಹನಿ ಹಾಕಿಸಿ ಹಿಂಪರದೆ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಮೊದಲೇ ಸಕ್ಕರೆ ಇದ್ದ ಹೆಣ್ಣುಮಗಳು ಬಸಿರಾದರೆ ಮೊದಲ ತಿಂಗಳುಗಳಲ್ಲೇ. ಹನಿ ಹಾಕಿದ ಮೇಲೆ ನಾಲ್ಕಾರು ತಾಸು ಮಂಜು ಮಂಜು ಇರತದೆ, ಬೈಕು ಹೊಡೆದುಕೊಂಡು ಒಬ್ಬರೇ ಹೋಗಬಾರದು. ಕಣ್ಣಿಗಷ್ಟೇ ಚಿಕಿತ್ಸೆ ಮಾಡಿ ಸಕ್ಕರೆ, ರಕ್ತದೊತ್ತಡ ಹಾಗೇ ಬಿಟ್ಟರೆ ಒಡ್ಡಿಗೆ ತೇಪೆ ಹಾಕಿ ಕಾಲುವೆ ತುಂಬ ನೀರು ಬಿಟ್ಟ ಹಾಗೆ. ಇಂಜೆಕ್ಷನ್ ಆದ ಮೇಲೆ ನಾಲ್ಕೈದು ದಿನದೊಳಗೆ ಕಣ್ಣು ಕೆಂಪಾಗಿ ನೋವು ಬಂದು ಮಂಜಾದರೆ ಅದು ನಂಜು. ಆ ದಿನವೇ ಓಡಬೇಕು. ಈರುಳ್ಳಿ ರಸ, ಜೇನುತುಪ್ಪ, ತಾಯಿಹಾಲು ಕಣ್ಣಿಗೆ ಬಿಡುವವರು ಇನ್ನೂ ಇದ್ದಾರೆ. ಮುಂದೆ ಬಿಟ್ಟದ್ದು ಹಿಂಪರದೆಗೆ ಮುಟ್ಟುವುದೂ ಇಲ್ಲ, ಮುಂದಿನ ಕಣ್ಣಿಗೆ ಹುಣ್ಣು ಮಾಡೀತು.

ಸಕ್ಕರೆ ಇಲ್ಲದವರೂ ಕೇಳಬೇಕು. ಒಮ್ಮೆಲೇ ಕಣ್ಣೊಳಗೆ ಮಿಂಚು ಹೊಡೆದಂತಾಗುವುದು, ಕರಿ ಚುಕ್ಕೆಗಳ ಮಳೆ, ಪಕ್ಕದಿಂದ ಪರದೆ ಇಳಿದಂತೆ ಕತ್ತಲು, ಇವು ರೆಟಿನಾ ಹರಿದು ಕಿತ್ತು ಬರುತ್ತಿರುವ ಗುರುತು. ದೂರದ ದೃಷ್ಟಿಗೆ ಹೆಚ್ಚು ನಂಬರಿನ ಕನ್ನಡಕ ಇದ್ದವರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಇದರ ಭಯ ಜಾಸ್ತಿ. ನೂರು ವರ್ಷದ ಹಿಂದೆ ಇದಕ್ಕೆ ಮದ್ದೇ ಇರಲಿಲ್ಲ; ಪರದೆ ಹರಿದ ಜಾಗವನ್ನೇ ಹುಡುಕಿ ಮುಚ್ಚಬೇಕು ಅಂತ ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಜೂಲ್ ಗೊನೆನ್. ಈಗ ಆಪರೇಷನ್ ಇದೆ, ಆದರೆ ನಟ್ಟನಡುವಿನ ಜಾಗ ಕಿತ್ತು ಬರುವ ಮುಂಚೆ ಆಗಬೇಕು. ಅಂದರೆ ದಿನಗಳ ಲೆಕ್ಕ. ‘ಅಮಾವಾಸಿ ಕಳೀಲಿ’ ಅನ್ನುವ ಹಾಗಿಲ್ಲ.

ವಯಸ್ಸಾದವರಿಗೆ ನಡುವಿನ ಜಾಗ ಸವೆಯುವ ರೋಗ ಬೇರೆ ಇದೆ. ಮುಖ ಕಾಣುವುದಿಲ್ಲ, ಸುತ್ತಲಿನದು ಕಾಣತದೆ. ಬೀಡಿ ಸೇದುವವರಿಗೆ ಇದು ಹೆಚ್ಚು. ಇನ್ನು ಸಣ್ಣ ವಯಸ್ಸಿನಲ್ಲೇ ರಾತ್ರಿ ಕಾಣದೆ, ಬರುಬರುತ್ತ ಪಕ್ಕದ ನೋಟ ಹೋಗಿ, ಬಿದಿರು ಕೊಳವೆಯಲ್ಲಿ ನೋಡಿದಂತಾಗುವ ಮನೆತನದ ರೋಗ. ಅಕ್ಕನ ಮಗಳು, ಅತ್ತೆಯ ಮಗ ಅಂತ ಸಂಬಂಧದೊಳಗೇ ಮದುವೆ ಮಾಡುವ ನಮ್ಮ ಕಡೆ ಇದರ ಬಗ್ಗೆ ಮಾತಾಡಲೇಬೇಕು. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾದ ಜೀನ್ ಚಿಕಿತ್ಸೆ ಇದರೊಳಗಿನ ಒಂದೇ ಒಂದು ಬಗೆಗೆ ಮಾತ್ರ. ‘ಗ್ಯಾರಂಟಿ ವಾಸಿ’ ಅಂತ ಹೊಲ ಮಾರಿಸುವವರ ಮಾತು ನಂಬಬೇಡಿರಿ. ತಿಂಗಳು ತುಂಬುವ ಮುಂಚೆ, ತೂಕ ಕಡಿಮೆ ಹುಟ್ಟಿದ ಕೂಸುಗಳ ರೆಟಿನಾ ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ 30 ದಿನದೊಳಗೆ ತೋರಿಸಿದರೆ ಲೇಸರಿನಿಂದ ಉಳಿಸಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಕಿಡ್‌ರಾಪ್ ಅಂತ ಹೆಸರಿಟ್ಟು ಜಿಲ್ಲೆಗಳ ಆಸ್ಪತ್ರೆಗಳಿಗೇ ಯಂತ್ರ ಒಯ್ದು ಇಂಥ ಕೂಸುಗಳ ಕಣ್ಣಿನ ಫೋಟೋ ತೆಗೆಯುತ್ತ ಬಂದಿದ್ದಾರೆ. ಬಾಣಂತಿ ಮನೆಯಿಂದ ಹೊರಬೀಳಬಾರದು ಅಂತ ತಿಂಗಳು ಕಳೆದರೆ ಕೂಸಿನ ಬಾಳೇ ಕಳೆಯತದೆ.

ದುಡ್ಡಿನ ಮಾತು. ನಮ್ಮ ಚಿಕಿತ್ಸೆಯ ಕಾಲಕ್ಕೆ ಯಶಸ್ವಿನಿ ನಿಂತಿತ್ತು. 2003ರಿಂದ ಸಹಕಾರ ಸಂಘದ ಸದಸ್ಯರಿಗೆಂದೇ ನಡೆದ ಯೋಜನೆ 2018ರಲ್ಲಿ ಬೇರೆ ಯೋಜನೆಯೊಳಗೆ ಸೇರಿ, 2023ರ ಜನವರಿಯಿಂದ ಮತ್ತೆ ಸುರುವಾಯಿತು. ನಾವು ಎತ್ತಿನ ಜೋಡಿ ಮಾರಿದೆವು. ಕಾರ್ಡು ಮಾಡಿಸಿದವರು ಅದನ್ನು ಪೆಟ್ಟಿಗೆಯಲ್ಲಿಡದೆ, ಯಾವ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ಅದರೊಳಗೆ ಬರತದೆ ಅಂತ ಮೊದಲೇ ಕೇಳಿಕೊಳ್ಳಬೇಕು. ಹುಬ್ಬಳ್ಳಿಯಲ್ಲಿ ನಾವೆಲ್ಲ ಕಿಮ್ಸ್ ಅನ್ನುವ ಸರಕಾರಿ ಆಸ್ಪತ್ರೆ ಇದೆ, ಡಾಕ್ಟರ್ ಎಂ.ಎಂ. ಜೋಶಿಯವರು ಕಟ್ಟಿದ ಕಣ್ಣಿನ ಆಸ್ಪತ್ರೆ ಇದೆ. ಬೆಂಗಳೂರಿನ ಮಿಂಟೋ 1896ರಿಂದ ನಡೆದ ಸರಕಾರಿ ಕಣ್ಣಾಸ್ಪತ್ರೆ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗ ಸಮೀಪ. ಎಲ್ಲಿಗೆ ಹೋದರೂ ‘ರೆಟಿನಾ ಡಾಕ್ಟರರು ಯಾವ ವಾರ ಇರತಾರೆ’ ಅಂತ ಫೋನಿನಲ್ಲಿ ಕೇಳಿ ಹೋಗಿರಿ. ಕೇಳದೆ ಹೋಗಿ ನಾವು ಎರಡು ಸಲ ಬರಿಗೈಲಿ ಬಸ್ಸು ಹತ್ತಿದ್ದೇವೆ.

ಇನ್ನು ಉಳಿದ ಕಣ್ಣಿನಲ್ಲಿ ಬಾಳುವೆ. ಇದು ಆಸ್ಪತ್ರೆಯಲ್ಲಿ ಯಾರೂ ಪೂರ್ತಿ ಹೇಳಲಿಲ್ಲ, ಮನೆಯಲ್ಲಿ ಎಡವಿ ಕಲಿತದ್ದು.

ಮೊದಲು ನಮ್ಮನ್ನು ಹೆದರಿಸಿದ್ದು ಬೇರೆಯೇ. ಬಲಗಣ್ಣು ಹೋದ ಕೆಲವು ತಿಂಗಳಿಗೆ ಸಂಜೆ ಹೊತ್ತು ಬಣವಿ ಹತ್ತಿರ ಸಣ್ಣ ಸಣ್ಣ ಜನ ಕಂಡರು. ರುಮಾಲು ಸುತ್ತಿದವರು, ಬಣ್ಣದ ಸೀರೆಯವರು. ಮಾತಿಲ್ಲ, ಕತೆಯಿಲ್ಲ. ಸುಮ್ಮನೆ ನಿಂತು ಕರಗಿ ಹೋಗುತ್ತಿದ್ದರು. ಮನೆಯವರಿಗೆ ಹೇಳಿದರೆ ತಾಯಿತ ಕಟ್ಟಿಸುತ್ತಾರೆ, ಮಗನಿಗೆ ಹೇಳಿದರೆ ಧಾರವಾಡದ ಹುಚ್ಚಾಸ್ಪತ್ರೆಗೆ ಒಯ್ಯುತ್ತಾನೆ. ಒಬ್ಬರಿಗೂ ಹೇಳದೆ ನಾಲ್ಕು ತಿಂಗಳು ನುಂಗಿಕೊಂಡೆವು. ಕೊನೆಗೆ ಡಾಕ್ಟರಮ್ಮನಿಗೆ ಹೇಳಿದರೆ ಅವರು ನಕ್ಕರು. ಕಣ್ಣಿನಿಂದ ಚಿತ್ರ ಬರುವುದು ಕಡಿಮೆಯಾದಾಗ ಮಿದುಳು ಸುಮ್ಮನಿರದೆ ತಾನೇ ಚಿತ್ರ ಬರೆಯುತ್ತದಂತೆ. 1760ರಲ್ಲೇ ಚಾರ್ಲ್ಸ್ ಬಾನೆ ಅನ್ನುವವರು ತಮ್ಮ ಅಜ್ಜನಿಗೆ ಹೀಗಾದದ್ದನ್ನು ಬರೆದಿದ್ದಾರೆ. ಇದು ಗಾಳಿಯಲ್ಲ, ಹುಚ್ಚಲ್ಲ. ಗೊತ್ತಾದ ಮೇಲೆ ನಾವು ಅವರಿಗೆ ‘ಬಂದ್ರೇನ್ರಪಾ’ ಅನ್ನುತ್ತಿದ್ದೆವು. ಬರುಬರುತ್ತ ಅವರು ಬರುವುದು ಬಿಟ್ಟರು. ನಿಮ್ಮ ಮನೆಯ ಮುದುಕರು ಏನೋ ಕಾಣತೈತಿ ಅಂದರೆ ಗದರಬೇಡಿರಿ.

ಮನೆಯಲ್ಲಿ ಮಾಡಿಕೊಂಡ ಉಪಾಯಗಳು ದೊಡ್ಡವಲ್ಲ. ಹೊಸ್ತಿಲಿಗೆ, ಮೆಟ್ಟಿಲ ಅಂಚಿಗೆ ಬಿಳಿ ಬಣ್ಣ. ಪಡಸಾಲೆಯಿಂದ ಕೊಟ್ಟಿಗೆಗೆ ಒಂದು ಹಗ್ಗ, ರಾತ್ರಿ ಎಮ್ಮೆ ಕೂಗಿದರೆ ಹಿಡಿದುಕೊಂಡು ಹೋಗಲು. ಬಿಳಿ ಅನ್ನ ಸ್ಟೀಲಿನ ಗಂಗಾಳದಲ್ಲಿ ಕಾಣುವುದಿಲ್ಲ, ಬಾಳೆಲೆಯಲ್ಲಿ ಚೆಂದ ಕಾಣತದೆ. ದೀಪ ತಲೆಯ ಮೇಲಿದ್ದರೆ ಪ್ರಯೋಜನವಿಲ್ಲ, ಓದುವ ಕಾಗದದ ಹತ್ತಿರ ಬೇಕು. ದಪ್ಪ ಭೂತಗನ್ನಡಿ ಹಿಡಿದು ಪಹಣಿ ಉತಾರದ ಸರ್ವೆ ನಂಬರನ್ನು ಈಗಲೂ ನಾವೇ ಓದುತ್ತೇವೆ. ವಸ್ತು ಇಟ್ಟಲ್ಲೇ ಇರಬೇಕು. ಉಪ್ಪಿನ ಡಬ್ಬಿ ಸರಿಸಿದವರಿಗೆ ನಮ್ಮ ಮನೆಯಲ್ಲಿ ಬೈಗುಳ ಖಾಯಂ. ನೋಟಿನ ಅಂಚಿನಲ್ಲಿ ಉಬ್ಬುಗೆರೆ ಇರತವೆ: ನೂರಕ್ಕೆ 4, ಐನೂರಕ್ಕೆ 5, ಇನ್ನೂರಕ್ಕೆ 4 ಗೆರೆಯ ನಡುವೆ 2 ಚುಕ್ಕೆ. ನೋಟು ಸವೆದರೆ ಗೆರೆಯೂ ಸವೆಯತವೆ, ಆಗ ಉದ್ದ ಅಳೆಯಬೇಕು. 2020ರಲ್ಲಿ ರಿಜರ್ವ್ ಬ್ಯಾಂಕು ಮಣಿ ಅನ್ನುವ ಆಪ್ ತಂದಿತು. ಮೊಬೈಲು ಹಿಡಿದರೆ ನೋಟಿನ ಬೆಲೆ ಕೂಗಿ ಹೇಳತದೆ. ಸಂತೆಯಲ್ಲಿ ಅದನ್ನು ಕೂಗಿಸಬೇಡಿರಿ, ಕಿಸೆಯಲ್ಲಿ ಎಷ್ಟಿದೆ ಅಂತ ಸಂತೆಗೆಲ್ಲ ತಿಳಿಯತದೆ.

ನೋಟ ಕಡಿಮೆಯಾದವರಿಗೂ 2016ರ ಕಾಯಿದೆಯಲ್ಲಿ ಜಾಗ ಇದೆ. ಪೂರ್ತಿ ಕುರುಡೇ ಆಗಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ 40 ಪ್ರತಿಶತ ಅಥವಾ ಹೆಚ್ಚು ಅಂತ ಬರೆದುಕೊಟ್ಟರೆ ಯುಡಿಐಡಿ ಕಾರ್ಡು ಸಿಗತದೆ, ನಮಗೆ ಸಿಕ್ಕಿದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ನೆಟ್ಟಗಿದ್ದರೆ 30 ಅಷ್ಟೇ, ಅಂಥವರು ಏಜೆಂಟರಿಗೆ ದುಡ್ಡು ಕೊಟ್ಟು ಓಡಾಡಬೇಡಿರಿ.

ಸಮಾಧಾನ ಹೇಳಲು ಬಂದವರೆಲ್ಲ ಗವಾಯಿಗಳ ಹೆಸರು ಹೇಳುತ್ತಾರೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಕುರುಡರಾಗಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ ಕೂಸಿದ್ದಾಗಲೇ ಕಣ್ಣು ಕಳಕೊಂಡ ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಅಂಧ ಮಕ್ಕಳು ಅನ್ನ, ವಿದ್ಯೆ ಪಡೆದರು! 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು. ಅವರು ನಮ್ಮ ನೆಲದ ಮಹಾತ್ಮರು. ಆದರೆ ನಮ್ಮ ಕಂಠ ಕೇಳಿದರೆ ದನ ಬೆದರುತ್ತವೆ. ಅರವತ್ತು ದಾಟಿದ ಮೇಲೆ ನೋಟ ಹೋದ ಒಕ್ಕಲಿಗನಿಗೆ ಬೇಕಾದದ್ದು ಸಂಗೀತವಲ್ಲ, ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲು. ಸವಣೂರಿನ ಕಡೆ ಎಲೆತೋಟದ ಒಬ್ಬರು ನೋಟ ಕಳಕೊಂಡರೂ ವೀಳ್ಯದೆಲೆ ಎಣಿಸಿ ಕಟ್ಟುವುದನ್ನು ಬಿಟ್ಟಿಲ್ಲ. ಬೆರಳಿಗೆ ಲೆಕ್ಕ ತಿಳಿಯತದೆ. ನಾವು ಈಗ ಖಾತೆ ಬರೆಯುವುದಿಲ್ಲ, ಆದರೆ ಸಂಘದಲ್ಲಿ ಹೊಸ ಕಾರ್ಯದರ್ಶಿಗಳು ಬಾಕಿ ಪಟ್ಟಿ ಓದುತ್ತಾರೆ, ಯಾರ ಹೊಲ ಯಾವುದು, ಯಾರ ಜಾಮೀನು ಯಾರು, ಬಾಯಲ್ಲಿ ನಾವು ಹೇಳುತ್ತೇವೆ.

ಆಡಳಿತ ಮಂಡಳಿಯವರು ನಮ್ಮ ಒಂದು ಬೇಡಿಕೆ ಒಪ್ಪಿದ್ದಾರೆ. ಈ ವರ್ಷದಿಂದ ಬೆಳೆಸಾಲ ನವೀಕರಣಕ್ಕೆ ಬಂದವರನ್ನು, ಗಂಡ ಹೆಂಡತಿ ಇಬ್ಬರ ಬಗ್ಗೆಯೂ, ‘ಸಕ್ಕರೆ ಐತೇನು, ಕಣ್ಣಿಗೆ ಹನಿ ಹಾಕಿಸಿ ಎಷ್ಟು ದಿನ ಆಯ್ತು’ ಅಂತ ಕೇಳಿ ಬೇರೆ ವಹಿಯಲ್ಲಿ ಬರೆದಿಡುತ್ತಾರೆ. ಊಟ ಆದ ಮೇಲೆ ಗೋದಾಮಿನ ಗೋಡೆಗೆ ಚೌಕುಳಿ ಗೆರೆ ಎಳೆದ ಹಾಳೆ ಹಚ್ಚಿದ್ದೇವೆ. ಕನ್ನಡಕ ಇದ್ದವರು ಹಾಕಿಕೊಂಡೇ, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಿರಿ, ಆಮೇಲೆ ಇನ್ನೊಂದು. ಗೆರೆ ಎಲ್ಲಾದರೂ ಡೊಂಕಾಗಿ ಕಂಡರೆ, ಅಳಿಸಿದಂತೆ ಕಂಡರೆ, ಅಲ್ಲೇ ಕೂತ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿರಿ. ಗೆರೆ ಸೆಟೆದು ಕಂಡರೂ ಸಕ್ಕರೆ ಇದ್ದವರು ಬರೆಸಲೇಬೇಕು. ಬುಧವಾರ ಬೆಳಿಗ್ಗೆ ಆರಕ್ಕೆ ಸಂಘದ ಮುಂದಿನಿಂದ ಗಾಡಿ ಹುಬ್ಬಳ್ಳಿಗೆ ಹೊರಡತದೆ. ಪಟ್ಟಿಯಲ್ಲಿ ಮೊದಲ ಎರಡು ಹೆಸರು ನಮ್ಮವು ಮತ್ತು ನಮ್ಮ ಮನೆಯವರವು.